ಹಾಸನ ವಿಶ್ವವಿದ್ಯಾಲಯದ ಕುಲಪತಿಗಳಿಗೆ, ಕಣಕಟ್ಟೆಯಿಂದ

ಮಾನ್ಯ ಕುಲಪತಿಗಳೇ,

ನಾನು ಅರಸೀಕೆರೆ ತಾಲ್ಲೂಕು ಕಣಕಟ್ಟೆ ಹೋಬಳಿಯವನು, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಹೊಸ ಕಟ್ಟಡವನ್ನೋ ಪೀಠವನ್ನೋ ಕೇಳಲು ಈ ಪತ್ರ ಬರೆಯುತ್ತಿಲ್ಲ. 2023ರಲ್ಲಿ ಶುರುವಾದ ನಿಮ್ಮ ವಿಶ್ವವಿದ್ಯಾಲಯವನ್ನು ಉಳಿಸಿಕೊಳ್ಳಬೇಕೋ, ಮತ್ತೆ ಮೈಸೂರಿಗೆ ಸೇರಿಸಬೇಕೋ ಎಂದು ಸರ್ಕಾರದಲ್ಲೇ ಚರ್ಚೆ ನಡೆದದ್ದನ್ನು ಓದಿದ್ದೇನೆ. ನಿಮ್ಮ ಹಣದ ಇಕ್ಕಟ್ಟು ತಿಳಿಯದ್ದಲ್ಲ. ಕೋರಿಕೆ ಇಷ್ಟೇ: ಸ್ನಾತಕೋತ್ತರ ಕನ್ನಡ ವಿಭಾಗದಲ್ಲಿ ಬಹುಭಾಷಿಕತೆಯ ಸಾಮಾಜಿಕ ಅಧ್ಯಯನಕ್ಕೆ ಒಂದು ಪತ್ರಿಕೆ ಇಡಿ. ಅರ್ಧ ತರಗತಿಯಲ್ಲಿ, ಅರ್ಧ ಊರು ತಾಂಡಾಗಳಲ್ಲಿ ನಡೆಯಲಿ.

ಏಕೆಂದು ತಿಳಿಯಬೇಕಾದರೆ ನಮ್ಮ ಕಡೆ ಅಟ್ಟದಿಂದ ಕಾಯಿ ಇಳಿಸಿ ಕೊಬ್ಬರಿ ಸುಲಿಸುವ ದಿನ ಬನ್ನಿ. ಸಾವಿರ ಕಾಯಿಗೆ ಎಷ್ಟು ಎಂಬ ಚೌಕಾಸಿ ಕನ್ನಡದಲ್ಲಿ. ಕೂಲಿ ಕುದುರಿದ ಮೇಲೆ ಸುಲಿಯುವವರು ತಮ್ಮತಮ್ಮಲ್ಲಿ ಆಡಿಕೊಳ್ಳುವುದು ಗೋರ್ ಬೋಲಿ, ಅಂದರೆ ತಾಂಡಾದ ಲಮಾಣಿ ಮಾತು. ಚೀಲ ತುಂಬಿಕೊಳ್ಳಲು ಬಂದ ಲಗೇಜ್ ಆಟೋದ ಹುಡುಗ ಮನೆಗೆ ಫೋನ್ ಮಾಡಿದರೆ ಉರ್ದು. ಅವನೇ ಯಜಮಾನರ ಕಡೆ ತಿರುಗಿ ಆಡುವ ಕನ್ನಡ ನನ್ನದಕ್ಕಿಂತ ಅಪ್ಪಟ ಹಳ್ಳಿಯದು. ಯಾರೆದುರು ಯಾವ ಭಾಷೆ, ದುಡ್ಡಿನ ಲೆಕ್ಕಕ್ಕೆ ಯಾವುದು, ಬೈಯಲು ಯಾವುದು, ದೇವರ ಮುಂದೆ ಯಾವುದು, ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಗಳೆದುರು ಅಜ್ಜಿ ನುಂಗಿಕೊಳ್ಳುವ ಮಾತು ಯಾವುದು? ಇವು ಎಂ.ಎ. ಮಟ್ಟದ ಪ್ರಶ್ನೆಗಳೇ, ಸ್ವಾಮಿ. ಹರಟೆಯ ವಿಷಯಗಳಲ್ಲ.

ಇಂಥ ಕೆಲಸಕ್ಕೆ ಕನ್ನಡದ ಗಡಿಯಲ್ಲೇ ಮಾದರಿಯಿದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾರ್ ಎಂಬ ಹಳ್ಳಿಯ ಮಾತುಕತೆಯ ಬಗ್ಗೆ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅಲ್ಲಿ ಜೈನರ ಮನೆಯಲ್ಲಿ ಕನ್ನಡ, ಮುಸ್ಲಿಮರ ಮನೆಯಲ್ಲಿ ಉರ್ದು, ದಲಿತರ ಮನೆಯಲ್ಲಿ ಮರಾಠಿ. ಸ್ವಲ್ಪ ತೆಲುಗೂ ಇತ್ತು. ಶತಮಾನಗಳ ಒಡನಾಟದಲ್ಲಿ ಕನ್ನಡ, ಮರಾಠಿ, ಉರ್ದು ಮೂರರ ವಾಕ್ಯದ ಕಟ್ಟು ಎಷ್ಟು ಹತ್ತಿರವಾಗಿತ್ತೆಂದರೆ, ಒಂದರ ವಾಕ್ಯವನ್ನು ಇನ್ನೊಂದಕ್ಕೆ ಪದಕ್ಕೆ ಪದ ಇಟ್ಟು ಸಾಗಿಸಬಹುದಿತ್ತು. ಆದರೆ ಪದಗಳು ಬೇರೆಬೇರೆಯಾಗಿಯೇ ಉಳಿದವು. ಒಟ್ಟಿಗೆ ದುಡಿಯುವ ಅನಿವಾರ್ಯ ವ್ಯಾಕರಣವನ್ನು ಬೆಸೆಯಿತು. ಮನೆಯ ಮಾತು ತಮ್ಮವರಿಗೆ ಮಾತ್ರ ಎಂಬ ಜಾತಿ ಸಮಾಜದ ಕಟ್ಟುಪಾಡು ಪದಗಳನ್ನು ಬೇರೆಯಾಗಿ ಇಟ್ಟಿತು. ಸಮಾಜ ಭಾಷೆಯೊಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಪ್ರಪಂಚದ ಭಾಷಾವಿಜ್ಞಾನ ತರಗತಿಗಳು ಆ ಹಳ್ಳಿಯ ಹೆಸರು ಹೇಳುತ್ತವೆ. ನಮ್ಮ ಎಂ.ಎ. ಮಕ್ಕಳಲ್ಲಿ ಎಷ್ಟು ಜನ ಅದನ್ನು ಕೇಳಿದ್ದಾರೆ?

ಇಂಥ ಅಧ್ಯಯನದ ಕೊರತೆಯನ್ನು ಜನಗಣತಿ ತುಂಬುವುದಿಲ್ಲ. ಅದು ಕೇಳುವುದು ತಾಯ್ನುಡಿ, ಅದರ ಜೊತೆಗೆ ಗೊತ್ತಿರುವ ಇನ್ನೆರಡು ಭಾಷೆ, ಅಷ್ಟೆ. 2011ರ ಲೆಕ್ಕದ ಪ್ರಕಾರ ದೇಶದಲ್ಲಿ ಎರಡು ಭಾಷೆ ಬಲ್ಲವರು ಶೇ. 26, ಮೂರು ಬಲ್ಲವರು ಶೇ. 7. ಸುಲಿಯುವ ಕಟ್ಟೆಯ ಮೇಲೆ ಒಂದು ಗಂಟೆ ಕೂತವರು ಈ ಅಂಕಿಯನ್ನು ನಂಬಲಾರರು. ಅದೂ ಅಲ್ಲದೆ, ಲಮಾಣಿ ಎಂದು ಬರೆಸಿದ 32 ಲಕ್ಷಕ್ಕೂ ಹೆಚ್ಚು ಜನರನ್ನು ಗಣತಿಯವರು ಹಿಂದಿಯ ಖಾತೆಗೆ ಹಾಕಿದ್ದಾರೆ. ನಮ್ಮ ತಾಂಡಾದ ಮುದುಕಿ ಹಿಂದಿಯವಳಂತೆ! ಮುಂದಿನ ಗಣತಿ 2027ಕ್ಕೆ ನಿಗದಿಯಾಗಿದೆ. ಅಷ್ಟರೊಳಗೆ ನಮ್ಮದೇ ಒಂದು ಕೈಬರಹದ ಲೆಕ್ಕವಾದರೂ ಇರಲಿ.

ನಿಮ್ಮ ಜಿಲ್ಲೆಯಲ್ಲಿ ಸಾಮಗ್ರಿಗೆ ಬರವಿಲ್ಲ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನರಿದ್ದಾರೆ. ಅವರ ವಾಗ್ರಿ ಗುಜರಾತಿಯ ಕಡೆಯ ನುಡಿ, ವ್ಯಾಪಾರ ದೇಶ ದೇಶಗಳಲ್ಲಿ. ಅದೇ ತಾಲ್ಲೂಕಿನ ಹಲ್ಮಿಡಿಯ ಶಾಸನ, ಸುಮಾರು ಕ್ರಿ.ಶ. 450ರದು, ಸಂಸ್ಕೃತದ ಸ್ತುತಿಯಿಂದ ಶುರುವಾಗಿ ಸಂಸ್ಕೃತ ತುಂಬಿದ ಕನ್ನಡದಲ್ಲಿ ಮುಂದುವರಿಯುತ್ತದೆ. ಅದನ್ನು ನಾವು ಕನ್ನಡದ ವಯಸ್ಸು ಹೇಳುವ ಕಲ್ಲಾಗಿ ಮಾತ್ರ ಓದಿಸಿದೆವು. ಆ ಕಾಲದ ಅಧಿಕಾರದ ಬರಹಕ್ಕೆ ಎರಡು ಭಾಷೆ ಏಕೆ ಬೇಕಾಯಿತು ಎಂದು ಪರೀಕ್ಷೆಯಲ್ಲಿ ಕೇಳಿದ್ದು ನನಗಂತೂ ನೆನಪಿಲ್ಲ.

ನನ್ನ ಮುಖ್ಯ ತಕರಾರು ಬೇರೆಯೇ ಇದೆ. ತಾಂಡಾದ ಹುಡುಗಿ, ಉರ್ದು ಮನೆಯ ಹುಡುಗ ಕನ್ನಡ ಎಂ.ಎ.ಗೆ ಬಂದರೆ ಅವರ ಉಚ್ಚಾರ ತಿದ್ದುವುದೇ ನಮ್ಮ ಮೇಷ್ಟ್ರುಗಳ ಮೊದಲ ಕೆಲಸ. ಈ ಪತ್ರಿಕೆಯಲ್ಲಿ ಅವರೇ ಮುಂದಿನ ಬೆಂಚಿನವರು. ಗೋರ್ ಬೋಲಿ ಗೊತ್ತಿಲ್ಲದ ನನ್ನಂಥವನಿಗೆ ಸುಲಿಯುವ ಕಟ್ಟೆಯ ಅರ್ಧ ಮಾತು ತಿಳಿಯುವುದಿಲ್ಲ. ಆ ಹುಡುಗಿಗೆ ಪೂರ್ತಿ ತಿಳಿಯುತ್ತದೆ. ಅವಳು ಮನೆಯವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಮಾತು ದಾಖಲಿಸಲಿ, ಅದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಲಿ, ಯಾರು ಯಾರಿಗೆ ಯಾವಾಗ ಭಾಷೆ ಬದಲಿಸಿದರು ಎಂದು ಗುರುತು ಹಾಕಲಿ. ಅದೇ ಅವಳ ಕಿರುಪ್ರಬಂಧವಾಗಲಿ, ಅದರ ಒಂದು ಪ್ರತಿ ಆ ಊರಿನ ಪ್ರಾಥಮಿಕ ಶಾಲೆಗೂ ಹೋಗಲಿ. ಒಂದನೇ ತರಗತಿಯ ಮೇಷ್ಟ್ರಿಗೆ ಅದು ಯಾವ ತರಬೇತಿ ಶಿಬಿರಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪಾಠಕ್ಕೆ ಜನ ಎಲ್ಲಿಂದ ಎಂದು ಕೇಳಬಹುದು. 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಮೈಸೂರಿನಲ್ಲೇ ಇದೆ. ವರ್ಷಕ್ಕೆ ಕೆಲವು ಉಪನ್ಯಾಸಗಳಿಗೆ ಅಲ್ಲಿನವರನ್ನು ಕರೆಸುವುದು ದೊಡ್ಡ ಖರ್ಚಿನ ಬಾಬತ್ತಲ್ಲ.

ಕನ್ನಡ ಅಧ್ಯಯನ ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದೊಂದು ವಿಷಯ ಸೇರಿಸಿ. ಪಠ್ಯಕ್ರಮದ ಕರಡು ಬೇಕೆಂದರೆ ಬರೆದುಕೊಡಲು ಸಿದ್ಧನಿದ್ದೇನೆ, ಸಂಭಾವನೆಯಿಲ್ಲದೆ.

ತಮ್ಮ ವಿಶ್ವಾಸಿ,
ಕಣಕಟ್ಟೆಯ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು