ಕಂಡುಹಿಡಿದರೆ ಸಾಲದು, ಅಳೆಯಬೇಕು

ವಿಜ್ಞಾನದ ವಾರ್ತೆಗಳಲ್ಲಿ ‘ಕಂಡುಹಿಡಿದರು’ ಎಂಬ ಮಾತಿಗೆ ದೊರೆಯುವ ಮನ್ನಣೆ ‘ಅಳೆದರು’ ಎಂಬ ಮಾತಿಗೆ ದೊರೆಯುವುದಿಲ್ಲ. ಇದು ಸರಿಯಲ್ಲವೆಂಬುದಕ್ಕೆ ನಮ್ಮ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಗಳ ಕಿಣ್ವಗಳೇ ಉತ್ತಮ ನಿದರ್ಶನ.

ರಕ್ತದ ಕೆಂಪು ಕಣಗಳ ಮೈಮೇಲೆ ಸಕ್ಕರೆಯ ಸರಪಣಿಗಳಿವೆ. ಎ ಗುಂಪಿನಲ್ಲಿ ಅವುಗಳ ತುದಿಗೆ ಒಂದು ವಿಶಿಷ್ಟ ಸಕ್ಕರೆ ಅಂಟಿಕೊಂಡಿರುತ್ತದೆ. ಬಿ ಗುಂಪಿನಲ್ಲಿ ಮತ್ತೊಂದು. ಓ ಗುಂಪಿನಲ್ಲಿ ಇವೆರಡೂ ಇಲ್ಲ. ಆದುದರಿಂದಲೇ, ಆರ್‌ಎಚ್ ಅಂಶವೂ ಹೊಂದಿಕೊಂಡರೆ, ಓ ಗುಂಪಿನ ಕಣಗಳನ್ನು ಬಹುಮಟ್ಟಿಗೆ ಯಾರಿಗಾದರೂ ಕೊಡಬಹುದು. ಹಾಗಾದರೆ ಆ ತುದಿಯನ್ನು ಕತ್ತರಿಸಿ ಉಳಿದ ಗುಂಪುಗಳನ್ನೂ ಓ ಆಗಿ ಮಾರ್ಪಡಿಸಬಾರದೇಕೆ? 1982ರಲ್ಲಿ ಅಮೆರಿಕದ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು ಕಾಫಿಬೀಜದ ಕಿಣ್ವದಿಂದ ಬಿ ಗುಂಪಿನ ಕಣಗಳನ್ನು ಹೀಗೆಯೇ ಮಾರ್ಪಡಿಸಿ ತೋರಿಸಿದರು. ಆದರೆ ಆ ಕಿಣ್ವವು ಬಹಳ ಪ್ರಮಾಣದಲ್ಲಿ ಬೇಕಾಗುತ್ತಿದ್ದಿತು. ಎ ಗುಂಪು ಇನ್ನೂ ಕಠಿನವಾಗಿದ್ದಿತು.

ಕರುಳಿನ ಒಳಗೋಡೆಯ ಲೋಳೆಯಲ್ಲಿಯೂ ಇಂತಹ ಸಕ್ಕರೆಗಳೇ ಇವೆ. ಅವನ್ನು ತಿಂದು ಬದುಕುವ ಬ್ಯಾಕ್ಟೀರಿಯಗಳಲ್ಲಿ ತಕ್ಕ ಕತ್ತರಿಯೂ ಇರಲೇಬೇಕಲ್ಲವೆ? ಕೆನಡದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾನಿಲಯದ ಸ್ಟೀಫನ್ ವಿದರ್ಸ್ ಅವರ ತಂಡವು ಮಾನವಮಲದಲ್ಲಿರುವ ಬ್ಯಾಕ್ಟೀರಿಯಗಳ ಡಿಎನ್‌ಎ ತುಣುಕುಗಳನ್ನು ಪ್ರಯೋಗಶಾಲೆಯ ಬ್ಯಾಕ್ಟೀರಿಯಗಳಲ್ಲಿ ಸೇರಿಸಿ ಹುಡುಕಿತು. ಫ್ಲೇವೊನಿಫ್ರಾಕ್ಟರ್ ಪ್ಲೌಟಿಯೈ ಎಂಬ ಜೀವಿಯ ಎರಡು ಕಿಣ್ವಗಳು ದೊರೆತುವು. ಎ ಗುಂಪಿನ ಸಕ್ಕರೆಯಿಂದ ಅಸಿಟೈಲ್ ಭಾಗವನ್ನು ಮೊದಲನೆಯದು ಕಳಚುತ್ತದೆ; ಉಳಿದುದನ್ನು ಎರಡನೆಯದು ಕತ್ತರಿಸುತ್ತದೆ. ಅಲ್ಪ ಪ್ರಮಾಣವೇ ಸಾಕೆಂದು 2019ರಲ್ಲಿ ಪ್ರಕಟವಾಯಿತು.

ಕಥೆ ಇಲ್ಲಿಗೆ ಮುಗಿಯಿತೆಂದು ಭಾವಿಸುವುದು ತಪ್ಪು. ಕಿಣ್ವವು ಯಾವ ಉಷ್ಣತೆಯಲ್ಲಿ, ಎಷ್ಟು ಆಮ್ಲತೆಯಲ್ಲಿ, ಎಷ್ಟು ವೇಗದಿಂದ ಕೆಲಸಮಾಡುತ್ತದೆ? ಬೇರೆ ಯಾವುದನ್ನಾದರೂ ಕತ್ತರಿಸುತ್ತದೆಯೆ? ಕತ್ತರಿಸದೆ ಏನನ್ನಾದರೂ ಉಳಿಸುತ್ತದೆಯೆ? ಈ ಕೊನೆಯ ಪ್ರಶ್ನೆಯ ಮಹತ್ತ್ವವು 2024ರಲ್ಲಿ ತಿಳಿಯಿತು. ಆಕರ್‌ಮ್ಯಾನ್ಸಿಯ ಎಂಬ ಮತ್ತೊಂದು ಕರುಳುವಾಸಿಯ ಕಿಣ್ವಗಳನ್ನು ಪರೀಕ್ಷಿಸಿದ ಡೆನ್ಮಾರ್ಕ್ ಮತ್ತು ಸ್ವೀಡನ್ನಿನ ವಿಜ್ಞಾನಿಗಳು, ಎ, ಬಿ ಗುರುತುಗಳಿಗೆ ಮತ್ತಷ್ಟು ಸಕ್ಕರೆ ಸೇರಿ ನೀಳವಾದ ರೂಪಗಳನ್ನೂ ತೆಗೆದುಹಾಕಿದರೆ ಹೊಂದಾಣಿಕೆಯು ಮತ್ತಷ್ಟು ಹೆಚ್ಚುವುದೆಂದು ತೋರಿಸಿದರು. ಉಳಿದ ಗುರುತು ಅತ್ಯಲ್ಪವಾದರೂ ರೋಗಿಗೆ ಅಪಾಯವಾದೀತು. ಆದುದರಿಂದಲೇ ಇಂತಹ ರಕ್ತವು ಇನ್ನೂ ಆಸ್ಪತ್ರೆಗಳ ನಿತ್ಯಬಳಕೆಗೆ ಬಂದಿಲ್ಲ. ಈ ನಿಧಾನವನ್ನು ನಾನು ವಿಜ್ಞಾನದ ದೌರ್ಬಲ್ಯವೆನ್ನಲಾರೆ. ಅದು ರೋಗಿಯ ಪ್ರಾಣಕ್ಕೆ ಸಲ್ಲಿಸುವ ಗೌರವ.

ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯನ್ನು ಹತ್ತು ಸಲ ತೆಗೆಯಲು ಬೇಸರಪಡುವ ವಿದ್ಯಾರ್ಥಿಗಳು ಇದನ್ನು ನೆನೆಯಲಿ. ಶೋಧಿಸಿದವನಿಗೆ ಸಲ್ಲುವ ಕೀರ್ತಿಯಲ್ಲಿ ಅಳೆದವನಿಗೂ ಸಮಪಾಲು ಸಲ್ಲಬೇಕು.