ಸನ್ಮಾನ ಸಾಕೇ? ಪ್ರಶ್ನೆಗೂ ಜಾಗ ಬೇಕು

ಪರೀಕ್ಷೆಯ ಫಲಿತಾಂಶ ಬಂತೆಂದರೆ ನಮ್ಮ ಜಮಾಅತ್‌ಗಳಲ್ಲಿ, ಸಂಘಗಳಲ್ಲಿ ಸನ್ಮಾನದ ಭರಾಟೆ. ಶಾಲು, ಸ್ಮರಣಿಕೆ, ಫೋಟೊ. ತಪ್ಪೇನಿಲ್ಲ, ನಮ್ಮ ಹೆಣ್ಮಕ್ಕಳು ಓದಿ ಮುಂದೆ ಬರುತ್ತಿರುವುದು ಹೆಮ್ಮೆಯ ಸಂಗತಿಯೇ. ಆದರೆ ಇಷ್ಟು ಅಂಕ ಪಡೆದ ಮಗು, ಅರ್ಥವಾಗದ್ದನ್ನು ತರಗತಿಯಲ್ಲಿ ಎದ್ದು ನಿಂತು ಕೇಳುತ್ತದೆಯೇ? ಅದನ್ನು ನಾವು ವಿಚಾರಿಸುವುದೇ ಇಲ್ಲ.

ಈ ಮಾತು ಬಂದಾಗ ಡಾ. ಎಚ್. ನರಸಿಂಹಯ್ಯ ನೆನಪಾಗುತ್ತಾರೆ. 1920ರಲ್ಲಿ ಗೌರಿಬಿದನೂರು ಬಳಿಯ ಹೊಸೂರಿನ ಬಡ ಕುಟುಂಬದಲ್ಲಿ ಹುಟ್ಟಿದವರು. ಓದುವ ಆಸೆಯಿಂದ 1935ರಲ್ಲಿ ಬೆಂಗಳೂರಿಗೆ ನಡೆದುಕೊಂಡೇ ಬಂದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿ, ಪ್ರಾಂಶುಪಾಲರಾಗಿ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ದುಡಿದರು. ಬದುಕಿನ ಬಹುಭಾಗ ಕಳೆದದ್ದು ಕಾಲೇಜು ಹಾಸ್ಟೆಲಿನ ಕೋಣೆಯಲ್ಲಿ.

1962ರಲ್ಲಿ ಅವರು ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆಯದ್ದು ಸರಳ ಕ್ರಮ. ವಾರಕ್ಕೊಂದು ಉಪನ್ಯಾಸ, ಬಳಿಕ ಪ್ರಶ್ನೆ. ಪರೀಕ್ಷೆಯಿಲ್ಲ, ಅಂಕವಿಲ್ಲ. ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿ ಎಂಬುದೇ ಅವರು ಜೀವನವಿಡೀ ಹೇಳಿಕೊಟ್ಟ ಪಾಠ.

ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿ ದೊಡ್ಡ ವಿವಾದಕ್ಕೂ ಅವರು ಗುರಿಯಾದರು. ಧರ್ಮದ ಕುರಿತ ಅವರ ನಿಲುವುಗಳೆಲ್ಲ ವಿಶ್ವಾಸಿಗಳಾದ ನಮಗೆ ಒಪ್ಪಿಗೆಯಾಗಬೇಕಿಲ್ಲ. ಆದರೆ ಪ್ರಶ್ನೆ ಕೇಳುವುದು ಉದ್ಧಟತನವಲ್ಲ ಎಂಬುದು ನಮಗೆ ಹೊಸ ಪಾಠವಲ್ಲ. ಕುರ್‌ಆನಿನ ಮೊದಲ ಆದೇಶವೇ ಓದಿನದ್ದು. ಪಳ್ಳಿ ದರ್ಸ್‌ಗಳಲ್ಲಿ ಉಸ್ತಾದರ ಮುಂದೆ ಕಿತಾಬು ಬಿಡಿಸಿಟ್ಟು ಸಂಶಯ ಕೇಳುತ್ತಾ ಕಲಿತ ಹಿರಿಯರು ನಮ್ಮಲ್ಲಿದ್ದಾರೆ. ಇಂದು ಮನೆಯಲ್ಲಿ ಮಗು ಎರಡನೇ ಸಲ 'ಯಾಕೆ?' ಅಂದರೆ 'ಸುಮ್ನೆ ಓದು' ಎನ್ನುವವರೂ ನಾವೇ.

ಕರಾವಳಿಯಿಂದ ಬಂದು ಬಿಟಿಎಂ ಲೇಔಟ್, ತಿಲಕ್‌ನಗರ, ಗುರಪ್ಪನಪಾಳ್ಯಗಳಲ್ಲಿ ನೆಲೆಸಿದ ಕುಟುಂಬಗಳಿಗೆ ಬಸವನಗುಡಿ, ಜಯನಗರ ದೂರವಲ್ಲ. ಅಲ್ಲಿನ ಉಪನ್ಯಾಸಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗೋಣ. ಊರಿನಲ್ಲಿರುವವರು ಸಂಘದ ಹಾಲನ್ನು ವಾರಕ್ಕೆ ಒಂದು ಗಂಟೆ ಮಕ್ಕಳಿಗೆ ಬಿಟ್ಟುಕೊಡಲಿ. ಒಂದು ಕರಿಹಲಗೆ, ತಾಳ್ಮೆಯ ಒಬ್ಬ ಮೇಷ್ಟ್ರು ಅಥವಾ ಟೀಚರ್ ಇದ್ದರೆ ಸಾಕು. ಹುಡುಗಿಯರಿಗೆ ಮುಂದಿನ ಸಾಲಿನಲ್ಲೇ ಜಾಗ ಇರಲಿ. ಹತ್ತನೇ ತರಗತಿಯಲ್ಲಿ ಫೇಲಾದ ಮಗುವನ್ನೂ ಮರೆಯದೆ ಕರೆಯಿರಿ; ಸನ್ಮಾನದ ಪಟ್ಟಿಯಲ್ಲಿ ಅದರ ಹೆಸರು ಹೇಗೂ ಇರುವುದಿಲ್ಲ.

ಸನ್ಮಾನಕ್ಕೆ ಮಾಡುವ ಖರ್ಚಿನ ಸ್ವಲ್ಪ ಪಾಲು ಇದಕ್ಕೆ ಧಾರಾಳ ಸಾಕು. ಈ ವರ್ಷವೇ ಶುರು ಮಾಡೋಣ.