ಹೊಸ ಡ್ರೈವರ್ ಹಾಕಿದರೆ ಹಳೆ ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಮ್ಯಾಕ್‌ಬುಕ್‌ನಂತಾಗುತ್ತದೆಯೇ?

"ಈ ಫೈಲ್ ಹಾಕ್ಕೊಳ್ರಿ, ನಿಮ್ಮ ಹಳೇ ಲ್ಯಾಪ್‌ಟಾಪ್ ಮ್ಯಾಕ್‌ಬುಕ್ ಆಗ್ತದ. ಮೂರು ಬೆರಳು, ನಾಲ್ಕು ಬೆರಳು ಎಲ್ಲಾ ನಡೀತದ." ಇಂಥ ಒಕ್ಕಣೆಯ ಜೊತೆ ಒಂದು ಜಿಪ್ ಫೈಲ್‌ನ ಲಿಂಕ್ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದು ಪೂರ್ತಿ ಸುಳ್ಳಾಗಿದ್ದರೆ ನಮ್ಮ ಕೆಲಸ ಸುಲಭವಿತ್ತು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇದು ನಿಜಕ್ಕೂ ಕೆಲಸ ಮಾಡುತ್ತದೆ. ಇನ್ನು ಕೆಲವದರಲ್ಲಿ ಇದ್ದ ಟಚ್‌ಪ್ಯಾಡೂ ಸುಮ್ಮನಾಗುತ್ತದೆ.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲಿ ಬಹಳಷ್ಟು ಮನೆಗೆ ಲ್ಯಾಪ್‌ಟಾಪ್ ಎಂದರೆ ಒಂದೇ. ಪದವಿ ಓದುವಾಗ ಸರ್ಕಾರದಿಂದ ಸಿಕ್ಕಿದ್ದು, ಇಲ್ಲವೇ ಹುಬ್ಬಳ್ಳಿಯಿಂದ ತಂದ ಸೆಕೆಂಡ್ ಹ್ಯಾಂಡ್ ಮಾಲು. ಸ್ಕಾಲರ್‌ಶಿಪ್ ಅರ್ಜಿ, ತಂಗಿಯ ಪ್ರಾಜೆಕ್ಟ್, ಅಪ್ಪನ ಬೆಳೆ ವಿಮೆಯ ಕಾಗದ ಎಲ್ಲವೂ ಅದರಲ್ಲೇ. ಅದು ಕೈಕೊಟ್ಟರೆ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಬೇಕು; ಒಂದು ದಿನದ ಕೂಲಿ, ಮೇಲೆ ರಿಪೇರಿ ಖರ್ಚು.

ಡ್ರೈವರ್ ಅಂದರೆ ಏನು? ಟಚ್‌ಪ್ಯಾಡ್ ಎಂಬ ಯಂತ್ರಭಾಗ ಮತ್ತು ವಿಂಡೋಸ್ ನಡುವೆ ಮಾತು ದಾಟಿಸುವ ದುಭಾಷಿ ಎಂದುಕೊಳ್ಳಿ. ಮೊದಲೆಲ್ಲ ಸಿನಾಪ್ಟಿಕ್ಸ್, ಎಲಾನ್, ಆಲ್ಪ್ಸ್‌ನಂಥ ಟಚ್‌ಪ್ಯಾಡ್ ಕಂಪನಿಗಳು ತಮ್ಮ ತಮ್ಮ ಡ್ರೈವರ್ ಕೊಡುತ್ತಿದ್ದವು. ಎರಡು ಬೆರಳು ಎಳೆದರೆ ಏನಾಗಬೇಕು, ಮೂರು ಎಳೆದರೆ ಏನಾಗಬೇಕು ಎಂದು ತೀರ್ಮಾನಿಸುತ್ತಿದ್ದುದೂ ಅವೇ. 2013ರಲ್ಲಿ ವಿಂಡೋಸ್ 8.1 ಜೊತೆ ಮೈಕ್ರೋಸಾಫ್ಟ್ 'ಪ್ರಿಸಿಷನ್ ಟಚ್‌ಪ್ಯಾಡ್' ಎಂಬ ಪದ್ಧತಿ ತಂದಿತು. ಇದರಲ್ಲಿ ಟಚ್‌ಪ್ಯಾಡ್ ಬೆರಳುಗಳು ಎಲ್ಲಿವೆ ಎಂದಷ್ಟೇ ಹೇಳುತ್ತದೆ, ಅರ್ಥ ಮಾಡಿಕೊಳ್ಳುವುದು ವಿಂಡೋಸ್. ವಿಂಡೋಸ್ 10ರ ಮೂರು, ನಾಲ್ಕು ಬೆರಳಿನ ಪೂರ್ತಿ ಸೌಲಭ್ಯ ಸಿಕ್ಕಿದ್ದು ಈ ಪದ್ಧತಿಯ ಲ್ಯಾಪ್‌ಟಾಪ್‌ಗಳಿಗೆ. ಹಳೆಯವು ಹೊರಗುಳಿದವು.

2017ರ ಸುಮಾರಿಗೆ ಬಳಕೆದಾರರು ಒಂದು ಉಪಾಯ ಕಂಡುಕೊಂಡರು. ಲೆನೊವೊ ತನ್ನ ಲ್ಯಾಪ್‌ಟಾಪ್‌ಗಳಿಗೆ ಕೊಟ್ಟಿದ್ದ ಪ್ರಿಸಿಷನ್ ಡ್ರೈವರನ್ನು ಡಿವೈಸ್ ಮ್ಯಾನೇಜರ್ ಮೂಲಕ ಬೇರೆ ಕಂಪನಿಯ ಲ್ಯಾಪ್‌ಟಾಪ್‌ಗೆ ಒತ್ತಾಯದಿಂದ ಹಾಕುವುದು. ಒಳಗಿನ ಟಚ್‌ಪ್ಯಾಡ್ ಅದೇ ಸಿನಾಪ್ಟಿಕ್ಸ್ ಅಥವಾ ಎಲಾನ್ ಆಗಿದ್ದರೆ ಹಲವರಿಗೆ ಇದು ಫಲಿಸಿತು. ಇಂದು ಓಡಾಡುವ ಫಾರ್ವರ್ಡ್‌ಗಳ ಬೇರು ಬಹುಮಟ್ಟಿಗೆ ಅಲ್ಲಿದೆ. ಫಾರ್ವರ್ಡ್ ಆಗುತ್ತಾ ಆಗುತ್ತಾ 'ಒಳಗಿನ ಟಚ್‌ಪ್ಯಾಡ್ ಅದೇ ಆಗಿದ್ದರೆ' ಎಂಬ ಮಾತು ಮಾತ್ರ ಉದುರಿಹೋಗಿದೆ!

ದುಭಾಷಿ ಎಷ್ಟೇ ಜಾಣನಾದರೂ ಎದುರಿನವನು ಆಡದ ಮಾತನ್ನು ದಾಟಿಸಲಾರ. ಎರಡೇ ಬೆರಳು ಗುರುತಿಸುವ ಸೆನ್ಸರ್ ಇದ್ದರೆ ಯಾವ ಡ್ರೈವರೂ ಅದನ್ನು ನಾಲ್ಕು ಮಾಡುವುದಿಲ್ಲ. ಹಾಗಾಗಿ ಮೊದಲು ಸೆಟ್ಟಿಂಗ್ಸ್‌ನಲ್ಲಿ ಟಚ್‌ಪ್ಯಾಡ್ ಪುಟ ತೆರೆಯಿರಿ. ಅಲ್ಲಿ ಮೂರು, ನಾಲ್ಕು ಬೆರಳಿನ ಆಯ್ಕೆಗಳು ಈಗಾಗಲೇ ಇದ್ದರೆ ನಿಮಗೆ ಹೊರಗಿನ ಫೈಲ್ ಬೇಕಿಲ್ಲ, ಆನ್ ಮಾಡಿಕೊಂಡರೆ ಸಾಕು.

ಇನ್ನೊಂದು ವಿಷಯ. ಡ್ರೈವರ್ ಹುಡುಕಿಕೊಂಡು ಹೊರಡುವ ಎಲ್ಲರಿಗೂ ಬೇಕಾಗಿರುವುದು ಗೆಸ್ಚರ್ ಅಲ್ಲ. "ಕರ್ಸರ್ ತಾನೇ ಜಿಗೀತದ" ಎನ್ನುವವರೂ ಇದ್ದಾರೆ. ಚಾರ್ಜರ್ ಕಿತ್ತು, ಬ್ಯಾಟರಿಯ ಮೇಲೆ ಐದು ನಿಮಿಷ ಓಡಿಸಿ ನೋಡಿ. ಜಿಗಿತ ನಿಂತಿತೇ? ಹಾಗಾದರೆ ಅನುಮಾನ ಡ್ರೈವರ್ ಮೇಲಲ್ಲ, ಚಾರ್ಜರ್ ಅಥವಾ ಮನೆಯ ಅರ್ಥಿಂಗ್ ಮೇಲೆ. ಟಚ್‌ಪ್ಯಾಡ್‌ನ ಮೇಲ್ಪದರದ ಕೆಳಗೆ ಸಣ್ಣ ತಂತಿಗಳ ಜಾಲವಿದೆ. ಬೆರಳು ಹತ್ತಿರ ಬಂದಾಗ ಅಲ್ಲಿ ಆಗುವ ಅತಿ ಸಣ್ಣ ವಿದ್ಯುತ್ ಬದಲಾವಣೆಯನ್ನು ಅದು ಅಳೆಯುತ್ತದೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ, ಮೂರನೇ ಪಿನ್ ಮುರಿದ ಪ್ಲಗ್ಗಿನಲ್ಲಿ, ಅಗ್ಗದ ಡೂಪ್ಲಿಕೇಟ್ ಚಾರ್ಜರ್‌ನಲ್ಲಿ ವಿದ್ಯುತ್ತಿನ ಗದ್ದಲ ಅಲ್ಲಿಗೂ ನುಗ್ಗುತ್ತದೆ, ಅಳತೆ ತಪ್ಪುತ್ತದೆ. ಚಾರ್ಜ್ ಮಾಡುವಾಗ ಲ್ಯಾಪ್‌ಟಾಪ್‌ನ ಲೋಹದ ಭಾಗ ಮುಟ್ಟಿದರೆ ಜುಮ್ಮೆನ್ನುವುದೂ ಇದೇ ಕಡೆ ಬೆರಳು ತೋರಿಸುತ್ತದೆ. ಆಗ ಕರೆಯಬೇಕಾದ್ದು ಎಲೆಕ್ಟ್ರಿಷಿಯನ್‌ನನ್ನು.

ಟಚ್‌ಪ್ಯಾಡ್ ಉಬ್ಬಿದಂತಿದ್ದರೆ, ಕ್ಲಿಕ್ ಗಟ್ಟಿಯಾಗಿದ್ದರೆ, ಮುಚ್ಚಳ ಸರಿಯಾಗಿ ಕೂಡದಿದ್ದರೆ ಇನ್ನೂ ಎಚ್ಚರ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಅದರ ಅಡಿಯಲ್ಲೇ ಅಥವಾ ಪಕ್ಕದಲ್ಲೇ ಇರುತ್ತದೆ. ಉಬ್ಬಿದ ಲಿಥಿಯಂ ಬ್ಯಾಟರಿ ಬೆಂಕಿ ಹತ್ತಬಹುದು. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ, ಬಳಸುವುದು ನಿಲ್ಲಿಸಿ ರಿಪೇರಿಯವರಿಗೆ ತೋರಿಸಿ.

ಇಷ್ಟೆಲ್ಲ ನೋಡಿದ ಮೇಲೂ ಗೆಸ್ಚರ್ ಬೇಕೇ ಬೇಕು ಎನ್ನುವವರಿಗೆ ನಾವು ಬೇಡ ಎನ್ನುವುದಿಲ್ಲ. ಆದರೆ ಫೈಲ್ ವಾಟ್ಸಾಪ್ ಅಥವಾ ಟೆಲಿಗ್ರಾಂನಿಂದ ಬಂದದ್ದಾಗಿರಬಾರದು. ಡ್ರೈವರ್‌ಗೆ ವಿಂಡೋಸ್‌ನ ಒಳಮನೆಯವರೆಗೆ ಪ್ರವೇಶವಿರುತ್ತದೆ. ಕಂಪನಿಯ ಅಧಿಕೃತ ಡ್ರೈವರ್‌ನಲ್ಲೇ ಎಡವಟ್ಟಾದದ್ದುಂಟು: 2017ರ ಡಿಸೆಂಬರ್‌ನಲ್ಲಿ ಎಚ್‌ಪಿಯ 460ಕ್ಕೂ ಹೆಚ್ಚು ಮಾದರಿಗಳ ಸಿನಾಪ್ಟಿಕ್ಸ್ ಡ್ರೈವರ್‌ನಲ್ಲಿ, ನಾವು ಒತ್ತಿದ ಕೀಲಿಗಳನ್ನು ದಾಖಲಿಸಬಲ್ಲ ಕೋಡ್ ಉಳಿದುಹೋಗಿದ್ದು ಬಯಲಾಯಿತು. ಅದು ಪರೀಕ್ಷೆಗೆಂದು ಬರೆದದ್ದು, ಆಫ್ ಆಗಿತ್ತು. ಎಚ್‌ಪಿ ಅಪ್‌ಡೇಟ್ ಕೊಟ್ಟು ತೆಗೆಯಿತು. ಹೆಸರಿಲ್ಲದವನ ಜಿಪ್ ಫೈಲ್‌ನಲ್ಲಿ ಇಂಥದ್ದಿದ್ದರೆ ಅಪ್‌ಡೇಟ್ ಯಾರು ಕೊಡುತ್ತಾರೆ? ಅದೇ ಲ್ಯಾಪ್‌ಟಾಪ್‌ನಲ್ಲಿ ನೀವು ಬ್ಯಾಂಕ್ ಪಾಸ್‌ವರ್ಡ್ ಹೊಡೆಯುತ್ತೀರಿ. 'ಮೊದಲು ಆಂಟಿವೈರಸ್ ಬಂದ್ ಮಾಡಿ', 'ಡ್ರೈವರ್ ಸಿಗ್ನೇಚರ್ ತಪಾಸಣೆ ಆಫ್ ಮಾಡಿ' ಎಂದು ಬರೆದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಹಾಕುವ ಮುನ್ನ ಒಂದು ಯುಎಸ್‌ಬಿ ಮೌಸ್ ಪಕ್ಕದಲ್ಲಿಟ್ಟುಕೊಳ್ಳಿ, ಗೆಳೆಯನದಾದರೂ ಸರಿ. ನಿಮ್ಮ ಮಾದರಿಯ ಹಳೆ ಡ್ರೈವರನ್ನು ಕಂಪನಿಯ ವೆಬ್‌ಸೈಟ್‌ನಿಂದ ಇಳಿಸಿ ಪೆನ್‌ಡ್ರೈವ್‌ನಲ್ಲಿಡಿ, ಸಿಸ್ಟಮ್ ರಿಸ್ಟೋರ್ ಪಾಯಿಂಟ್ ಮಾಡಿ. ಕೆಟ್ಟರೆ ವಿಂಡೋಸ್ ಕೀಲಿ ಮತ್ತು ಎಕ್ಸ್ ಒಟ್ಟಿಗೆ ಒತ್ತಿ, ನಂತರ ಎಂ ಒತ್ತಿದರೆ ಡಿವೈಸ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಟಚ್‌ಪ್ಯಾಡ್‌ನ ಪ್ರಾಪರ್ಟೀಸ್‌ಗೆ ಹೋಗಿ 'ರೋಲ್ ಬ್ಯಾಕ್ ಡ್ರೈವರ್' ಆರಿಸಿ. ಎಲ್ಲ ಸರಿಯಾಗಿ ನಡೆದರೂ ಮುಂದಿನ ವಿಂಡೋಸ್ ಅಪ್‌ಡೇಟ್ ನಿಮ್ಮ ಡ್ರೈವರನ್ನು ಕಿತ್ತು ಹಳೆಯದನ್ನೇ ಕೂರಿಸಬಹುದು.

ಅಂದಹಾಗೆ, ಮೂರು ಬೆರಳು ಮೇಲೆಳೆದರೆ ಬರುವ ಕಿಟಕಿಗಳ ಪಟ್ಟಿ ವಿಂಡೋಸ್ ಮತ್ತು ಟ್ಯಾಬ್ ಕೀಲಿಗಳಿಂದಲೂ ಬರುತ್ತದೆ. ಡೆಸ್ಕ್‌ಟಾಪ್ ಕಾಣಲು ವಿಂಡೋಸ್ ಮತ್ತು ಡಿ, ಒಂದರಿಂದ ಇನ್ನೊಂದಕ್ಕೆ ಹೋಗಲು ಆಲ್ಟ್ ಮತ್ತು ಟ್ಯಾಬ್. ಇವಕ್ಕೆ ಯಾವ ಡ್ರೈವರೂ ಬೇಡ.